ಯಾವುದು ಯಾವುದರಲ್ಲಿ ಕರಗುತ್ತದೆ?

ಹಲಸಿನ ಹಣ್ಣನ್ನು ಹೆಚ್ಚುವುದಕ್ಕೆ ಮೊದಲು ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆಯನ್ನು ಸವರಿಕೊಳ್ಳುವ ಪದ್ಧತಿ ನಮ್ಮ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಹಾಗೆ ಮಾಡದೆ ಹಣ್ಣಿಗೆ ಕೈಹಾಕಿದವರ ಪಾಡು ಎಲ್ಲರಿಗೂ ಗೊತ್ತು. ಬೆರಳುಗಳಿಗೆ ಅಂಟಿಕೊಂಡ ಮೇಣವು ಕೊಡಗಟ್ಟಲೆ ನೀರು ಸುರಿದರೂ ಬಿಡುವುದಿಲ್ಲ. ನಾಲ್ಕು ಹನಿ ಎಣ್ಣೆ ಹಾಕಿ ತಿಕ್ಕಿದರೆ ಬಿಟ್ಟುಬರುತ್ತದೆ. ಒಗ್ಗರಣೆಯ ವಿಚಾರವೂ ಇಂತಹುದೇ. ಇಂಗು, ಸಾಸಿವೆ, ಕರಿಬೇವುಗಳನ್ನು ನೇರವಾಗಿ ಸಾರಿಗೆ ಹಾಕಿ ಕುದಿಸಿದರೆ ಬಾರದ ಪರಿಮಳವು ಕಾದ ಎಣ್ಣೆಯಲ್ಲಿ ಹಾಕಿದ ಕೂಡಲೇ ಮನೆಯೆಲ್ಲ ಹರಡುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಬಣ್ಣವು ಸಾರಿನ ನೀರಿನೊಡನೆ ಸೇರದೆ, ಮೇಲೆ ತೇಲುವ ಎಣ್ಣೆಯಲ್ಲಿಯೇ ನೆಲೆಸುತ್ತದೆ. ಆದರೆ ಉಪ್ಪನ್ನಾಗಲಿ ಬೆಲ್ಲವನ್ನಾಗಲಿ ಎಣ್ಣೆಯಲ್ಲಿ ಕರಗಿಸುವುದು ಯಾರಿಗೂ ಸಾಧ್ಯವಿಲ್ಲ; ಅವುಗಳಿಗೆ ನೀರೇ ಬೇಕು.

ಒಂದು ವಸ್ತು ಒಂದು ದ್ರವದಲ್ಲಿ ಕರಗಿ ಇನ್ನೊಂದರಲ್ಲಿ ಕರಗದಿರುವುದಕ್ಕೆ ಕಾರಣವೇನು? ರಸಾಯನಶಾಸ್ತ್ರದಲ್ಲಿ ಈ ಪ್ರಶ್ನೆಗೆ ಬಹುಮಟ್ಟಿಗೆ ಸರಳವಾದ ಉತ್ತರವಿದೆ. ಆದರೆ ಇದನ್ನು ತಿಳಿಯಬೇಕಾದುದು ಬರಿಯ ಕುತೂಹಲಕ್ಕಾಗಿ ಅಲ್ಲ. ಜ್ವರ ಬಂದ ಮಗುವಿಗೆ ಚಮಚದಲ್ಲಿ ಕುಡಿಸುವ ಸಿಹಿ ಔಷಧವು ತಯಾರಾಗುವುದು ಈ ನಿಯಮದ ಆಧಾರದ ಮೇಲೆಯೇ. ನಿಯಮದ ಅರ್ಧವನ್ನು ಮಾತ್ರ ಲಕ್ಷಿಸಿ ಉಳಿದರ್ಧವನ್ನು ಮರೆತುದರ ಫಲವಾಗಿ 1937ರಲ್ಲಿ ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ಮಂದಿ ಸತ್ತರು. ಅದೇ ವಿಷವು 2025ರಲ್ಲಿ ನಮ್ಮ ದೇಶದಲ್ಲಿಯೇ 20ಕ್ಕೂ ಹೆಚ್ಚು ಮಕ್ಕಳ ಪ್ರಾಣವನ್ನು ತೆಗೆದುಕೊಂಡಿತು. ಆದುದರಿಂದ ಮೊದಲು ನಿಯಮವನ್ನು ನೋಡಿ, ಅನಂತರ ಈ ದುರಂತಗಳ ಕಡೆಗೆ ತಿರುಗೋಣ.

ನೀರಿನ ಕೋಲಾಟ

ನೀರಿನ ಒಂದೊಂದು ಅಣುವಿನಲ್ಲಿಯೂ ಒಂದು ಆಮ್ಲಜನಕ ಪರಮಾಣುವೂ ಎರಡು ಜಲಜನಕ ಪರಮಾಣುಗಳೂ ಇರುತ್ತವೆ. ಆಮ್ಲಜನಕವು ಎಲೆಕ್ಟ್ರಾನುಗಳನ್ನು ತನ್ನ ಕಡೆಗೆ ಹೆಚ್ಚಾಗಿ ಸೆಳೆದುಕೊಳ್ಳುವುದರಿಂದ ಅದರ ಬಳಿ ಸ್ವಲ್ಪ ಋಣ ವಿದ್ಯುತ್ತೂ, ಜಲಜನಕಗಳ ಬಳಿ ಸ್ವಲ್ಪ ಧನ ವಿದ್ಯುತ್ತೂ ತೋರುತ್ತವೆ. ಧನವೂ ಋಣವೂ ಪರಸ್ಪರ ಆಕರ್ಷಿಸುವುದು ಸರ್ವವಿದಿತ. ಆದುದರಿಂದ ಒಂದು ಅಣುವಿನ ಜಲಜನಕವು ಪಕ್ಕದ ಅಣುವಿನ ಆಮ್ಲಜನಕವನ್ನು ಹಿಡಿದುಕೊಳ್ಳುತ್ತದೆ. ಈ ಹಿಡಿತಕ್ಕೆ ಜಲಜನಕ ಬಂಧ ಎಂದು ಹೆಸರು. ಲೋಟದಲ್ಲಿ ನಿಶ್ಚಲವಾಗಿ ಕಾಣುವ ನೀರಿನೊಳಗೆ ಇಂತಹ ಬಂಧಗಳು ಕ್ಷಣಕ್ಷಣಕ್ಕೂ ಬಿಡುತ್ತ, ಮತ್ತೆ ಹೊಸ ನೆರೆಯವರೊಡನೆ ಕೂಡುತ್ತ ಇರುತ್ತವೆ.

ಇದನ್ನು ನಮ್ಮ ಕೋಲಾಟಕ್ಕೆ ಹೋಲಿಸಬಹುದು. ಆಟಗಾರರೆಲ್ಲರ ಕೈಯಲ್ಲೂ ಕೋಲುಗಳಿವೆ. ಒಬ್ಬೊಬ್ಬರೂ ಎಡಬಲದವರ ಕೋಲಿಗೆ ತಮ್ಮ ಕೋಲನ್ನು ತಾಗಿಸುತ್ತ ಸುತ್ತುತ್ತಾರೆ. ಕೋಲು ಹಿಡಿದ ಹೊಸಬನೊಬ್ಬನು ಒಳಗೆ ಬಂದರೆ ಅವನಿಗೂ ಸ್ಥಳ ದೊರೆಯುತ್ತದೆ, ಆಟ ಕೆಡುವುದಿಲ್ಲ. ಬರಿಗೈಯವನು ನುಗ್ಗಿದರೆ ಅವನ ಎರಡೂ ಪಕ್ಕದವರ ತಾಳ ತಪ್ಪುತ್ತದೆ. ಅವನ ಮೇಲೆ ಯಾರಿಗೂ ದ್ವೇಷವಿಲ್ಲ. ಆದರೂ ಆಟಗಾರರು ತಮ್ಮತಮ್ಮೊಳಗೆ ಮತ್ತೆ ಕೂಡಿಕೊಳ್ಳುವಾಗ ಅವನು ತಾನಾಗಿಯೇ ಹೊರಗೆ ಬೀಳುತ್ತಾನೆ.

ಸಕ್ಕರೆಯ ಅಣುವಿನಲ್ಲಿ ಒಂದು ಆಮ್ಲಜನಕಕ್ಕೆ ಒಂದು ಜಲಜನಕ ಕೂಡಿರುವ ಜೋಡಿಗಳು ಎಂಟು ಇವೆ. ಇವುಗಳನ್ನು ಹೈಡ್ರಾಕ್ಸಿಲ್ ಗುಂಪುಗಳೆಂದು ಕರೆಯುತ್ತಾರೆ. ಎಂದರೆ ಸಕ್ಕರೆಯು ಎಂಟು ಕೋಲುಗಳನ್ನು ಹಿಡಿದು ಆಟಕ್ಕೆ ಬರುತ್ತದೆ. ಆದುದರಿಂದಲೇ ಒಂದು ಲೀಟರ್ ನೀರಿನಲ್ಲಿ ಸುಮಾರು 2 ಕಿಲೋಗ್ರಾಂ ಸಕ್ಕರೆಯು ಕರಗಬಲ್ಲುದು. ಎಣ್ಣೆಯ ಅಣುವಾದರೋ ಬಹುಪಾಲು ಇಂಗಾಲ ಮತ್ತು ಜಲಜನಕಗಳ ಉದ್ದನೆಯ ಸರಪಳಿ. ಇಂಗಾಲವೂ ಜಲಜನಕವೂ ಎಲೆಕ್ಟ್ರಾನುಗಳನ್ನು ಹೆಚ್ಚುಕಡಮೆ ಸಮವಾಗಿ ಹಂಚಿಕೊಳ್ಳುವುದರಿಂದ ಅಲ್ಲಿ ಧನ, ಋಣವೆಂಬ ಭೇದವು ಅಷ್ಟಾಗಿ ಇಲ್ಲ. ಹಿಡಿಯುವುದಕ್ಕೆ ಕೋಲೂ ಇಲ್ಲ. ಎಣ್ಣೆಯ ಅಣುವು ನೀರಿನಲ್ಲಿ ನಿಲ್ಲಬೇಕಾದರೆ ನೀರಿನ ಅಣುಗಳು ತಮ್ಮ ಪರಸ್ಪರ ಬಂಧಗಳ ಸ್ವಾತಂತ್ರ್ಯವನ್ನು ಬಿಟ್ಟುಕೊಡಬೇಕಾಗುತ್ತದೆ. ಅವು ಬಿಟ್ಟುಕೊಡಲಾರವು, ಎಣ್ಣೆಯು ಬೇರೆಯಾಗಿ ಮೇಲೆ ತೇಲುತ್ತದೆ. ಹಲಸಿನ ಮೇಣವೂ ಮೆಣಸಿನಕಾಯಿಯ ಬಣ್ಣವೂ ಇಂಗಿನ ಪರಿಮಳವೂ ಇದೇ ಬರಿಗೈಯ ಬಳಗಕ್ಕೆ ಸೇರಿದವು. ಅವು ಎಣ್ಣೆಯನ್ನು ಸೇರಿದಾಗ ಯಾರ ಬಂಧವೂ ಕೆಡುವುದಿಲ್ಲವಾದುದರಿಂದ ಸುಲಭವಾಗಿ ಬೆರೆಯುತ್ತವೆ. "ಸಮಾನವು ಸಮಾನದಲ್ಲಿ ಕರಗುತ್ತದೆ" ಎಂಬ ಹಳೆಯ ಸೂತ್ರದ ಅರ್ಥವು ಇಷ್ಟೆ.

ಎರಡು ಮುಖದ ಅಣುಗಳು

ಪ್ರಕೃತಿಯಲ್ಲಿರುವ ಸಾವಯವ ವಸ್ತುಗಳೆಲ್ಲವೂ ಸಕ್ಕರೆಯಂತೆಯೋ ಎಣ್ಣೆಯಂತೆಯೋ ಇದ್ದಿದ್ದರೆ ವಿಷಯವು ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಬಹುಪಾಲು ವಸ್ತುಗಳಲ್ಲಿ ಎರಡು ಗುಣಗಳೂ ಬೆರೆತಿರುತ್ತವೆ. ಮದ್ಯಸಾರಗಳ ಕುಟುಂಬವು ಇದಕ್ಕೆ ಒಳ್ಳೆಯ ಉದಾಹರಣೆ. ಈ ಕುಟುಂಬದ ಒಬ್ಬೊಬ್ಬ ಸದಸ್ಯನಿಗೂ ಹೈಡ್ರಾಕ್ಸಿಲ್ ಒಂದೇ. ಇಂಗಾಲದ ಬಾಲ ಮಾತ್ರ ಕ್ರಮಕ್ರಮವಾಗಿ ಉದ್ದವಾಗುತ್ತ ಹೋಗುತ್ತದೆ. ಒಂದು ಇಂಗಾಲದ ಮೆಥನಾಲ್, ಎರಡು ಇಂಗಾಲದ ಎಥನಾಲ್, ಮೂರು ಇಂಗಾಲದ ಪ್ರೊಪನಾಲ್, ಇವು ಮೂರೂ ನೀರಿನೊಡನೆ ಯಾವ ಪ್ರಮಾಣದಲ್ಲಿ ಬೇಕಾದರೂ ಬೆರೆಯುತ್ತವೆ. ನಾಲ್ಕು ಇಂಗಾಲದ ಬ್ಯುಟನಾಲಿಗೆ ಬಂದಾಗ ಒಂದು ಲೀಟರ್ ನೀರಿನಲ್ಲಿ ಸುಮಾರು 73 ಗ್ರಾಂ ಮಾತ್ರ ಕರಗುತ್ತದೆ. ಐದು ಇಂಗಾಲಕ್ಕೆ ಇದು ಸುಮಾರು 22 ಗ್ರಾಂ, ಆರಕ್ಕೆ ಸುಮಾರು 6 ಗ್ರಾಂ. ಎಂಟು ಇಂಗಾಲದ ಆಕ್ಟನಾಲಿನಲ್ಲಿ ಕೇವಲ ಅರ್ಧ ಗ್ರಾಂ. ಕೈಯಲ್ಲಿರುವ ಕೋಲು ಒಂದೇ ಆದರೂ ಹಿಂದೆ ಎಳೆದುಕೊಂಡು ಬರುವ ಬಾಲವು ಬೆಳೆದಂತೆಲ್ಲ ನೀರಿನ ಕೂಟದಲ್ಲಿ ಪ್ರವೇಶವು ಕಷ್ಟವಾಗುತ್ತದೆ.

ಎಥನಾಲ್, ಎಂದರೆ ಸಾಮಾನ್ಯ ಮದ್ಯಸಾರವು, ಈ ಎರಡು ಲೋಕಗಳ ಸೇತುವೆಯಂತೆ ಇರುವುದರಿಂದಲೇ ರಸಾಯನಶಾಸ್ತ್ರಜ್ಞನಿಗೆ ಬಹು ಪ್ರಯೋಜನಕಾರಿಯಾಗಿದೆ. ಬಟ್ಟೆಗಳ ನಡುವೆ ಇಡುವ ನುಸಿಗುಳಿಗೆಗಳಲ್ಲಿ ಬಳಸುತ್ತಿದ್ದ ನ್ಯಾಫ್ತಲೀನನ್ನು ನೋಡಿ. ಒಂದು ಲೀಟರ್ ನೀರಿನಲ್ಲಿ ಅದು ಕರಗುವುದು ಸುಮಾರು 30 ಮಿಲಿಗ್ರಾಂ ಮಾತ್ರ. ಆದರೆ 13 ಮಿಲಿಲೀಟರ್ ಮದ್ಯಸಾರದಲ್ಲಿಯೇ ಒಂದು ಗ್ರಾಂ ಕರಗುತ್ತದೆ. ಅದಕ್ಕೆ ಸಗೋತ್ರವಾದ ಬೆಂಜೀನಿನಲ್ಲಿಯಾದರೋ ಒಂದು ಗ್ರಾಮಿಗೆ ಮೂರೂವರೆ ಮಿಲಿಲೀಟರ್ ಸಾಕು. ಸಂಬಂಧವು ಹತ್ತಿರವಾದಂತೆಲ್ಲ ಕರಗುವ ಪ್ರಮಾಣವು ಏರುವುದನ್ನು ವಾಚಕರು ಗಮನಿಸಬಹುದು.

ಘನವಸ್ತುವಿನ ವಿಷಯದಲ್ಲಿ ಇನ್ನೊಂದು ಸಂಗತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹರಳಿನಲ್ಲಿ ಅಣುಗಳು ಸಾಲುಸಾಲಾಗಿ ಒಂದನ್ನೊಂದು ಬಿಗಿಯಾಗಿ ಹಿಡಿದು ನಿಂತಿರುತ್ತವೆ. ಅವು ಕರಗಬೇಕಾದರೆ ಮೊದಲು ತಮ್ಮ ಸಾಲನ್ನು ಬಿಟ್ಟು ಹೊರಬರಬೇಕು. ಆ ಹಿಡಿತವು ಬಲವಾಗಿದ್ದರೆ, ಕೈಯಲ್ಲಿ ಕೋಲುಗಳಿದ್ದರೂ ಅವು ನೀರಿಗೆ ಇಳಿಯುವುದಿಲ್ಲ. ಅನೇಕ ಔಷಧಗಳ ತೊಂದರೆ ಇದೇ. ಇದಕ್ಕೆ ಒಂದು ಉಪಾಯವೆಂದರೆ ವಸ್ತುವನ್ನು ಲವಣವನ್ನಾಗಿ ಪರಿವರ್ತಿಸುವುದು. ಬೆಂಜೋಯಿಕ್ ಆಮ್ಲವು ಒಂದು ಲೀಟರ್ ತಣ್ಣೀರಿನಲ್ಲಿ ಮೂರೂವರೆ ಗ್ರಾಮಿಗಿಂತ ಹೆಚ್ಚು ಕರಗುವುದಿಲ್ಲ. ಅದನ್ನು ಸೋಡಾದೊಡನೆ ಸೇರಿಸಿ ಸೋಡಿಯಂ ಬೆಂಜೋಯೇಟ್ ಮಾಡಿದರೆ, ಅಣುವಿಗೆ ಪೂರ್ಣ ವಿದ್ಯುತ್ತೇ ಬರುವುದರಿಂದ, ಒಂದು ಲೀಟರಿನಲ್ಲಿ 500 ಗ್ರಾಮಿಗೂ ಹೆಚ್ಚಾಗಿ ಕರಗುತ್ತದೆ. ಉಪ್ಪಿನಕಾಯಿ, ಷರಬತ್ತುಗಳು ಕೆಡದಂತೆ ಕಾರ್ಖಾನೆಗಳಲ್ಲಿ ಸೇರಿಸುವುದು ಈ ಲವಣವನ್ನೇ. ಆದರೆ ಎಲ್ಲ ವಸ್ತುಗಳೂ ಹೀಗೆ ಲವಣವಾಗಲು ಒಪ್ಪುವುದಿಲ್ಲ. ಒಪ್ಪದವುಗಳಿಗೆ ಬೇರೊಂದು ದ್ರಾವಕವನ್ನು ಹುಡುಕಬೇಕಾಗುತ್ತದೆ. ನಮ್ಮ ಕಥೆಯು ಮುಖ್ಯವಾಗಿ ಇಲ್ಲಿಂದ ಆರಂಭವಾಗುತ್ತದೆ.

ದೇಹವೆಂಬ ಎರಡು ದ್ರಾವಕಗಳು

ನಮ್ಮ ದೇಹದಲ್ಲಿಯೂ ನೀರು ಮತ್ತು ಕೊಬ್ಬು ಎಂಬ ಎರಡು ಲೋಕಗಳಿವೆ. ರಕ್ತವು ಬಹುಪಾಲು ನೀರು. ಆದರೆ ಪ್ರತಿಯೊಂದು ಜೀವಕೋಶವನ್ನೂ ಸುತ್ತಿಕೊಂಡಿರುವ ಪೊರೆಯು ಕೊಬ್ಬಿನ ಜಾತಿಯದು. 'ಸಿ' ಜೀವಸತ್ವವು ನೀರಿನಲ್ಲಿ ಕರಗುವುದರಿಂದ ಹೆಚ್ಚಾದುದು ಮೂತ್ರದ ಮೂಲಕ ಹೊರಗೆ ಹೋಗುತ್ತದೆ. 'ಎ' ಮತ್ತು 'ಡಿ' ಜೀವಸತ್ವಗಳು ಕೊಬ್ಬಿನಲ್ಲಿ ಕರಗಿ ದೇಹದಲ್ಲಿಯೇ ಸಂಗ್ರಹವಾಗುತ್ತವೆ. ಔಷಧವಾದರೋ ಎರಡು ಲೋಕಗಳನ್ನೂ ದಾಟಬೇಕು. ನೀರಿನಲ್ಲಿ ಸ್ವಲ್ಪವೂ ಕರಗದಿದ್ದರೆ ಅದು ಹೊಟ್ಟೆಯಿಂದ ರಕ್ತಕ್ಕೆ ಸೇರುವುದಿಲ್ಲ; ಕೊಬ್ಬಿನಲ್ಲಿ ಸ್ವಲ್ಪವೂ ಕರಗದಿದ್ದರೆ ಪೊರೆಗಳನ್ನು ದಾಟುವುದು ಕಷ್ಟ. 1960ರ ದಶಕದಲ್ಲಿ ಅಮೆರಿಕದ ಕಾರ್ವಿನ್ ಹಾನ್ಶ್ ಎಂಬ ರಸಾಯನಶಾಸ್ತ್ರಜ್ಞನು ಇದನ್ನು ಅಳೆಯಲು ಒಂದು ಸುಲಭ ಕ್ರಮವನ್ನು ರೂಢಿಗೆ ತಂದನು. ಔಷಧವನ್ನು ನೀರು ಮತ್ತು ಆಕ್ಟನಾಲ್ ಎರಡನ್ನೂ ಹಾಕಿದ ಪಾತ್ರೆಯಲ್ಲಿ ಕುಲುಕಿ, ಅದು ಯಾವ ಪದರಕ್ಕೆ ಎಷ್ಟು ಸೇರಿತೆಂದು ನೋಡುವುದೇ ಆ ಕ್ರಮ. ಮೇಲೆ ಹೇಳಿದ ಎಂಟು ಇಂಗಾಲದ ಮದ್ಯಸಾರವು ಇಲ್ಲಿ ಜೀವಕೋಶದ ಪೊರೆಯ ಪ್ರತಿನಿಧಿಯಾಗಿ ನಿಲ್ಲುತ್ತದೆ.

ಗುಳಿಗೆಯನ್ನು ನುಂಗಬಲ್ಲವರಿಗೆ ಔಷಧವು ಮೊದಲೇ ದ್ರವವಾಗಿರಬೇಕಾದ ಅಗತ್ಯವಿಲ್ಲ. ಕಷ್ಟವಿರುವುದು ಮಕ್ಕಳ ವಿಷಯದಲ್ಲಿ. ಅವರಿಗೆ ಔಷಧವು ದ್ರವವಾಗಿ, ಸಿಹಿಯಾಗಿ, ಒಂದು ಚಮಚದ ಅಳತೆಯೊಳಗೆ ಬರಬೇಕು. ಇಷ್ಟು ಸಣ್ಣ ಅಳತೆಯಲ್ಲಿ ಸಾಕಷ್ಟು ಔಷಧವನ್ನು ಕರಗಿಸುವುದು ಹೇಗೆ ಎಂಬುದೇ ತಯಾರಕರ ಮುಂದಿರುವ ಪ್ರಶ್ನೆ.

1937ರ ಪಾಠ

ಪೆನಿಸಿಲಿನ್ ಇನ್ನೂ ಬಳಕೆಗೆ ಬಾರದಿದ್ದ ಕಾಲವದು. ಜರ್ಮನಿಯ ಗೆರ್ಹಾರ್ಡ್ ಡೊಮಾಕ್ ಎಂಬ ವಿಜ್ಞಾನಿಯು ಪ್ರಾಂಟೊಸಿಲ್ ಎಂಬ ಕೆಂಪು ಬಣ್ಣದ ವಸ್ತುವು ರೋಗಾಣುಗಳ ಸೋಂಕನ್ನು ಗುಣಪಡಿಸುವುದೆಂದು 1935ರಲ್ಲಿ ಪ್ರಕಟಿಸಿದನು. ಆ ವಸ್ತುವು ದೇಹದೊಳಗೆ ಒಡೆದು ಉಂಟಾಗುವ ಸಲ್ಫನಿಲಮೈಡ್ ಎಂಬುದೇ ನಿಜವಾದ ಔಷಧವೆಂದು ಪ್ಯಾರಿಸಿನ ಪಾಶ್ಚರ್ ಸಂಸ್ಥೆಯವರು ಅದೇ ವರ್ಷ ತೋರಿಸಿದರು. ಬಾಣಂತಿ ಜ್ವರ, ಗಂಟಲಿನ ಸೋಂಕು ಮೊದಲಾದವುಗಳಿಂದ ಸಾಯುತ್ತಿದ್ದವರು ಇದರಿಂದ ಬದುಕತೊಡಗಿದರು. ಗುಳಿಗೆಯಾಗಿಯೂ ಪುಡಿಯಾಗಿಯೂ ದೊರೆಯುತ್ತಿದ್ದ ಈ ಔಷಧವನ್ನು ದ್ರವರೂಪದಲ್ಲಿ ಕೊಡಬೇಕೆಂಬ ಬೇಡಿಕೆಯು ಅಮೆರಿಕದಲ್ಲಿ ಹುಟ್ಟಿತು.

ಆದರೆ ಸಲ್ಫನಿಲಮೈಡಿನ ಹರಳು ಬಹು ಬಿಗಿಯಾದುದು. 25 ಡಿಗ್ರಿ ಸೆಂಟಿಗ್ರೇಡಿನಲ್ಲಿ ಒಂದು ಲೀಟರ್ ನೀರು ಸುಮಾರು ಏಳೂವರೆ ಗ್ರಾಮನ್ನು ಮಾತ್ರ ಕರಗಿಸಬಲ್ಲುದು. ಕುದಿಯುವ ನೀರಿನಲ್ಲಿ ಹೇರಳವಾಗಿ ಕರಗುವುದಾದರೂ ಆರಿದೊಡನೆ ಹರಳುಗಳು ಮತ್ತೆ ತಳಕ್ಕೆ ಇಳಿಯುತ್ತವೆ. ಮದ್ಯಸಾರದಲ್ಲಿ ಲೀಟರಿಗೆ ಸುಮಾರು 27 ಗ್ರಾಂ. ಚಮಚದ ಅಳತೆಯಲ್ಲಿ ಸಾಕಷ್ಟು ಔಷಧ ಇರಬೇಕಾದರೆ ಲೀಟರಿಗೆ ಸುಮಾರು 100 ಗ್ರಾಂ ಕರಗಬೇಕಾಗಿತ್ತು. ಟೆನೆಸಿ ಪ್ರಾಂತ್ಯದ ಬ್ರಿಸ್ಟಲ್ ಎಂಬ ಊರಿನ ಮ್ಯಾಸೆಂಗಿಲ್ ಕಂಪನಿಯ ಮುಖ್ಯ ರಸಾಯನಜ್ಞನಾಗಿದ್ದ ಹೆರಾಲ್ಡ್ ವಾಟ್ಕಿನ್ಸ್ ಹಲವು ದ್ರವಗಳನ್ನು ಪರೀಕ್ಷಿಸಿ, ಕೊನೆಗೆ ಡೈಎಥಿಲೀನ್ ಗ್ಲೈಕಾಲಿನಲ್ಲಿ ಈ ಔಷಧವು ಬೇಕಾದಷ್ಟು ಕರಗುವುದನ್ನು ಕಂಡುಕೊಂಡನು.

ರಸಾಯನಶಾಸ್ತ್ರದ ದೃಷ್ಟಿಯಿಂದ ಈ ಆಯ್ಕೆಯಲ್ಲಿ ಆಶ್ಚರ್ಯವೇನೂ ಇಲ್ಲ. ಡೈಎಥಿಲೀನ್ ಗ್ಲೈಕಾಲಿನ ಅಣುವಿನಲ್ಲಿ ನಾಲ್ಕು ಇಂಗಾಲಗಳಿವೆ. ಎರಡು ತುದಿಗಳಲ್ಲಿಯೂ ಒಂದೊಂದು ಹೈಡ್ರಾಕ್ಸಿಲ್, ನಡುವೆ ಒಂದು ಆಮ್ಲಜನಕ. ಎಂದರೆ ನೀರಿನೊಡನೆ ಆಡಲು ಬೇಕಾದಷ್ಟು ಕೋಲುಗಳೂ ಉಂಟು, ಸಾವಯವ ವಸ್ತುಗಳನ್ನು ಒಲಿಸಿಕೊಳ್ಳಲು ಇಂಗಾಲದ ಮೈಯೂ ಉಂಟು. ನೀರಿನೊಡನೆ ಅದು ಯಾವ ಪ್ರಮಾಣದಲ್ಲಿಯಾದರೂ ಬೆರೆಯುತ್ತದೆ. ಬಣ್ಣವಿಲ್ಲ, ಹೆಚ್ಚಿನ ವಾಸನೆಯಿಲ್ಲ, ರುಚಿಯೂ ಸಿಹಿ. ಕಂಪನಿಯವರು ಅದಕ್ಕೆ ರಾಸ್ಪ್‌ಬೆರಿ ಹಣ್ಣಿನ ಪರಿಮಳವನ್ನು ಸೇರಿಸಿ, ಬಣ್ಣ, ರುಚಿ, ವಾಸನೆಗಳನ್ನು ಪರೀಕ್ಷಿಸಿ, 1937ರ ಸೆಪ್ಟೆಂಬರಿನಲ್ಲಿ ಮಾರಾಟಕ್ಕೆ ಕಳುಹಿಸಿದರು. ಅದನ್ನು ಕುಡಿದರೆ ದೇಹಕ್ಕೆ ಏನಾಗುವುದೆಂಬುದನ್ನು ಒಂದು ಇಲಿಯ ಮೇಲೆಯೂ ಪರೀಕ್ಷಿಸಲಿಲ್ಲ. ಪರೀಕ್ಷಿಸಬೇಕೆಂದು ಆಗಿನ ಕಾನೂನು ಕೇಳುತ್ತಲೂ ಇರಲಿಲ್ಲ.

ಅಕ್ಟೋಬರಿನಲ್ಲಿ ಓಕ್ಲಹೋಮದ ಟಲ್ಸ ನಗರದಿಂದ ಸಾವುಗಳ ಸುದ್ದಿ ಬಂದಿತು. ಔಷಧ ಕುಡಿದವರಿಗೆ ವಾಂತಿ, ಹೊಟ್ಟೆನೋವುಗಳು ಬಂದು, ಮೂತ್ರವು ನಿಂತುಹೋಗಿ, ಕೆಲವು ದಿನಗಳಲ್ಲಿ ಮರಣವು ಒದಗುತ್ತಿತ್ತು. ಸರ್ಕಾರದ ಅಧಿಕಾರಿಗಳು ಅಂಗಡಿ ಅಂಗಡಿಗಳಿಗೂ, ವೈದ್ಯರ ಮನೆಗಳಿಗೂ, ರೋಗಿಗಳ ಮನೆಗಳಿಗೂ ಓಡಾಡಿ ಸೀಸೆಗಳನ್ನು ಹಿಂದಕ್ಕೆ ತಂದರು. ತಯಾರಾಗಿದ್ದ ಸುಮಾರು 240 ಗ್ಯಾಲನ್ನುಗಳಲ್ಲಿ 234 ಗ್ಯಾಲನ್ನುಗಳು ಸಿಕ್ಕಿದವು. ಸಿಕ್ಕದೆಹೋದ ಆರು ಗ್ಯಾಲನ್ನುಗಳಷ್ಟು ಔಷಧವೇ ನೂರಕ್ಕೂ ಹೆಚ್ಚು ಮಂದಿಯನ್ನು ಕೊಂದಿತ್ತು. ಅವರಲ್ಲಿ ಅನೇಕರು ಮಕ್ಕಳು.

ಷಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಗೈಲಿಂಗ್ ಎಂಬ ಪ್ರಾಧ್ಯಾಪಕರ ಪ್ರಯೋಗಶಾಲೆಯಲ್ಲಿ ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿ, ಕೊಂದುದು ಔಷಧವಲ್ಲ, ಅದನ್ನು ಕರಗಿಸಿದ ದ್ರವ ಎಂಬುದನ್ನು ಸ್ಥಿರಪಡಿಸಿದರು. ಅಲ್ಲಿ ಆಗ ಕೆಲಸಮಾಡುತ್ತಿದ್ದ ಫ್ರಾನ್ಸಿಸ್ ಕೆಲ್ಸಿ ಎಂಬ ವಿದ್ಯಾರ್ಥಿನಿಯೇ ಮುಂದೆ 1960ರಲ್ಲಿ ಸರ್ಕಾರದ ಔಷಧ ಇಲಾಖೆಯನ್ನು ಸೇರಿ, ಥಾಲಿಡೊಮೈಡ್ ಎಂಬ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ಕೊಡದೆ ತಡೆದು, ಸಾವಿರಾರು ಶಿಶುಗಳನ್ನು ಅಂಗವಿಕಲತೆಯಿಂದ ಉಳಿಸಿದವರು.

ಡೈಎಥಿಲೀನ್ ಗ್ಲೈಕಾಲ್ ದೇಹದೊಳಗೆ ಹೋದಮೇಲೆ ಯಕೃತ್ತಿನಲ್ಲಿ ಅದರ ತುದಿಯ ಹೈಡ್ರಾಕ್ಸಿಲ್‌ಗಳು ಉತ್ಕರ್ಷಣ ಹೊಂದಿ ಆಮ್ಲಗಳಾಗಿ ಮಾರ್ಪಡುತ್ತವೆ. ಹೀಗೆ ಹುಟ್ಟುವ ಡೈಗ್ಲೈಕಾಲಿಕ್ ಆಮ್ಲವು ಮೂತ್ರಪಿಂಡದ ಕೋಶಗಳನ್ನು ನಾಶಮಾಡುತ್ತದೆ. ಔಷಧವನ್ನು ಕರಗಿಸಲು ನೆರವಾದ ಆ ಹೈಡ್ರಾಕ್ಸಿಲ್‌ಗಳೇ ವಿಷದ ಹುಟ್ಟಿಗೂ ಕಾರಣವಾದುದನ್ನು ಇಲ್ಲಿ ಗಮನಿಸಬೇಕು. ಅಣುವಿಗೆ ಒಪ್ಪುವ ದ್ರಾವಕ ಯಾವುದೆಂಬುದು ಒಂದು ಪ್ರಶ್ನೆ. ದೇಹಕ್ಕೆ ಒಪ್ಪುವ ದ್ರಾವಕ ಯಾವುದೆಂಬುದು ಬೇರೊಂದು ಪ್ರಶ್ನೆ. ಮೊದಲನೆಯದಕ್ಕೆ ಉತ್ತರವು ಲೋಟ ಮತ್ತು ತಕ್ಕಡಿಗಳಿಂದ ದೊರೆಯುತ್ತದೆ. ಎರಡನೆಯದನ್ನು ಜೀವಿಗಳ ಮೇಲೆ ಪರೀಕ್ಷಿಸಿಯೇ ತಿಳಿಯಬೇಕು.

ಆಗಿನ ಕಾನೂನಿನ ದೌರ್ಬಲ್ಯವು ಎಷ್ಟಿತ್ತೆಂದರೆ, ಕಂಪನಿಯ ಮೇಲೆ ಹೊರಿಸಬಹುದಾಗಿದ್ದ ಆರೋಪವು ಒಂದೇ: ಎಲಿಕ್ಸರ್ ಎಂಬ ಹೆಸರಿದ್ದರೆ ಅದರಲ್ಲಿ ಮದ್ಯಸಾರವಿರಬೇಕು, ಇದರಲ್ಲಿ ಅದಿರಲಿಲ್ಲ, ಆದುದರಿಂದ ಹೆಸರು ತಪ್ಪು ಎಂಬುದಾಗಿ. ಈ ಪ್ರಕರಣದ ಫಲವಾಗಿ 1938ರ ಜೂನಿನಲ್ಲಿ ಹೊಸ ಕಾನೂನು ಬಂದು, ಯಾವ ಹೊಸ ಔಷಧವನ್ನೂ ಮಾರುವ ಮೊದಲು ಅದು ನಿರಪಾಯವೆಂದು ತೋರಿಸಬೇಕೆಂಬ ನಿಯಮವು ಜಾರಿಗೆ ಬಂದಿತು.

ನಮ್ಮ ಮನೆಯ ಸೀಸೆಯಲ್ಲಿ

ಇದೆಲ್ಲ ಹಿಂದಿನ ಕಥೆಯೆಂದು ಭಾವಿಸಬಾರದು. ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಈಗ ಮನೆಮನೆಗೂ ಪರಿಚಿತವಾದ ಔಷಧ. ಅದರ ಒಂದು ಗ್ರಾಂ ಕರಗಲು ಸುಮಾರು 70 ಮಿಲಿಲೀಟರ್ ತಣ್ಣೀರು ಬೇಕು. ಎಂದರೆ ಲೀಟರಿಗೆ ಸುಮಾರು 14 ಗ್ರಾಂ. ಮಕ್ಕಳ ಸೀಸೆಗಳ ಮೇಲೆ 5 ಮಿಲಿಲೀಟರಿಗೆ 125 ಮಿಲಿಗ್ರಾಂ ಎಂದೋ 250 ಮಿಲಿಗ್ರಾಂ ಎಂದೋ ಬರೆದಿರುತ್ತದೆ. ಲೆಕ್ಕ ಹಾಕಿದರೆ ಇದು ಲೀಟರಿಗೆ 25 ಅಥವಾ 50 ಗ್ರಾಂ ಆಗುತ್ತದೆ. ಬರಿಯ ನೀರಿನಿಂದ ಈ ಕೆಲಸವಾಗದೆಂಬುದು ಸ್ಪಷ್ಟ.

ಆದುದರಿಂದ ತಯಾರಕರ ಮುಂದೆ ಎರಡು ದಾರಿಗಳಿವೆ. ಮೊದಲನೆಯದು, ಔಷಧವನ್ನು ಕರಗಿಸದೆ ನುಣ್ಣನೆಯ ಪುಡಿಯಾಗಿ ದಪ್ಪನೆಯ ದ್ರವದಲ್ಲಿ ತೇಲಿಬಿಡುವುದು. ಇಂತಹ ಸೀಸೆಗಳ ಮೇಲೆಯೇ "ಉಪಯೋಗಿಸುವ ಮುನ್ನ ಚೆನ್ನಾಗಿ ಕುಲುಕಿರಿ" ಎಂದು ಬರೆದಿರುವುದು. ಇದನ್ನು ಉಪಚಾರದ ಮಾತೆಂದು ತಿಳಿಯಬಾರದು. ಪುಡಿಯು ತಳದಲ್ಲಿ ಕುಳಿತಿರುವಾಗ ಕುಲುಕದೆ ಬಗ್ಗಿಸಿದರೆ ಮೊದಲ ಚಮಚಗಳಲ್ಲಿ ಔಷಧವು ಕಡಮೆಯಾಗಿಯೂ ಕೊನೆಯ ಚಮಚಗಳಲ್ಲಿ ಅಪಾಯಕರವಾಗುವಷ್ಟು ಹೆಚ್ಚಾಗಿಯೂ ಬರಬಹುದು. ಎರಡನೆಯ ದಾರಿ, ನೀರಿನೊಡನೆ ಸಹದ್ರಾವಕವೊಂದನ್ನು ಸೇರಿಸುವುದು. ಪ್ಯಾರಾಸಿಟಮಾಲಿನ ಒಂದು ಗ್ರಾಂ ಕರಗಲು ಗ್ಲಿಸರೀನ್ ಸುಮಾರು 40 ಮಿಲಿಲೀಟರ್ ಬೇಕಾದರೆ, ಪ್ರೊಪಿಲೀನ್ ಗ್ಲೈಕಾಲ್ ಸುಮಾರು 9 ಮಿಲಿಲೀಟರ್ ಸಾಕು. ಮೂರು ಇಂಗಾಲ, ಎರಡು ಹೈಡ್ರಾಕ್ಸಿಲ್‌ಗಳಿರುವ ಈ ಪ್ರೊಪಿಲೀನ್ ಗ್ಲೈಕಾಲ್ ದೇಹದಲ್ಲಿ ಬಹುಪಾಲು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡುತ್ತದೆ. ಅದು ನಮ್ಮ ಸ್ನಾಯುಗಳಲ್ಲಿ ದಿನವೂ ಹುಟ್ಟುವ ಆಮ್ಲ. ಆದುದರಿಂದ ಔಷಧದಲ್ಲಿ ಬಳಸುವ ಮಿತವಾದ ಪ್ರಮಾಣದಲ್ಲಿ ಇದು ಸಾಮಾನ್ಯವಾಗಿ ನಿರಪಾಯ.

ಅಪಾಯವಿರುವುದು ಇವುಗಳ ರೂಪಸಾಮ್ಯದಲ್ಲಿ. ಗ್ಲಿಸರೀನ್, ಪ್ರೊಪಿಲೀನ್ ಗ್ಲೈಕಾಲ್, ಡೈಎಥಿಲೀನ್ ಗ್ಲೈಕಾಲ್ ಇವು ಮೂರೂ ಬಣ್ಣವಿಲ್ಲದ, ಮಂದವಾದ, ಸಿಹಿರುಚಿಯ ದ್ರವಗಳು. ಮೂರೂ ನೀರಿನೊಡನೆ ಬೆರೆಯುತ್ತವೆ, ಮೂರೂ ಸಾವಯವ ವಸ್ತುಗಳನ್ನು ಕರಗಿಸುತ್ತವೆ. ಕಣ್ಣಿಗಾಗಲಿ ನಾಲಿಗೆಗಾಗಲಿ ಭೇದ ತಿಳಿಯದು. ಡೈಎಥಿಲೀನ್ ಗ್ಲೈಕಾಲ್ ಪ್ಲಾಸ್ಟಿಕ್ ರಾಳಗಳ ತಯಾರಿಕೆ, ವಾಹನಗಳ ಬ್ರೇಕ್ ದ್ರವ ಮೊದಲಾದ ಕೈಗಾರಿಕೆಗಳಿಗೆ ಬೇಕಾದ ವಸ್ತು. ಅದು ದುರಾಸೆಯಿಂದಲೋ ಅಜಾಗರೂಕತೆಯಿಂದಲೋ ಔಷಧದ ಪೀಪಾಯಿಯನ್ನು ಸೇರಿದಾಗ ದುರಂತವು ನಡೆಯುತ್ತದೆ.

1986ರಲ್ಲಿ ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ ಈ ವಿಷವು ಬೆರೆತಿದ್ದ ಗ್ಲಿಸರೀನಿನಿಂದ 14 ರೋಗಿಗಳು ಸತ್ತರು. 1998ರಲ್ಲಿ ದೆಹಲಿಯ ಬಳಿಯ ಗುರುಗ್ರಾಮದಲ್ಲಿ 33 ಮಕ್ಕಳು ಸತ್ತರು. 2020ರ ಆರಂಭದಲ್ಲಿ ಜಮ್ಮುವಿನ ರಾಮನಗರದಲ್ಲಿ ಕೆಮ್ಮಿನ ಔಷಧದಿಂದ ಮತ್ತೆ ಮಕ್ಕಳು ಬಲಿಯಾದರು. 2022ರಲ್ಲಿ ಆಫ್ರಿಕದ ಗ್ಯಾಂಬಿಯ ದೇಶದಲ್ಲಿ ಸುಮಾರು 70 ಮಕ್ಕಳು ಮೂತ್ರಪಿಂಡದ ಹಾನಿಯಿಂದ ಸತ್ತಾಗ, ಭಾರತದಿಂದ ಹೋದ ನಾಲ್ಕು ಔಷಧಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯು ಎಚ್ಚರಿಕೆಯನ್ನು ಹೊರಡಿಸಿತು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡ ಜಿಲ್ಲೆಯಲ್ಲಿ ಕೆಮ್ಮಿನ ಔಷಧ ಕುಡಿದ ಮಕ್ಕಳು ಸತ್ತರು. ಅದರ ಮಾದರಿಯನ್ನು ತಮಿಳುನಾಡಿನ ಸರ್ಕಾರಿ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದಾಗ ನೂರಕ್ಕೆ 48.6 ಭಾಗ ಡೈಎಥಿಲೀನ್ ಗ್ಲೈಕಾಲ್ ಇರುವುದು ತಿಳಿದುಬಂದಿತು. ಇರಬಹುದಾದ ಮಿತಿಯು ನೂರಕ್ಕೆ 0.1 ಭಾಗ ಮಾತ್ರ.

1937ರಲ್ಲಿ ಈ ದ್ರವದ ಗುಣವನ್ನು ಔಷಧ ತಯಾರಿಸಿದವರು ವಿಚಾರಿಸಿರಲಿಲ್ಲ. ಈಗ ಅದು ಎಲ್ಲರಿಗೂ ತಿಳಿದಿದೆ. ಅದನ್ನು ಕಂಡುಹಿಡಿಯುವ ವಿಧಾನವೂ ಇದೆ. ಅನಿಲ ವರ್ಣರೇಖನವೆಂಬ ಪರೀಕ್ಷೆಯಲ್ಲಿ ಮಿಶ್ರಣವನ್ನು ಆವಿಮಾಡಿ ಉದ್ದನೆಯ ಸಣ್ಣ ಕೊಳವೆಯೊಂದರಲ್ಲಿ ಹಾಯಿಸುತ್ತಾರೆ. ಕೊಳವೆಯ ಒಳಗೆ ಸವರಿರುವ ಲೇಪದಲ್ಲಿ ಒಂದೊಂದು ವಸ್ತುವೂ ತನ್ನ ಗುಣಕ್ಕೆ ತಕ್ಕಂತೆ ಹೆಚ್ಚು ಕಡಮೆಯಾಗಿ ಕರಗಿ, ಹಿಂದುಮುಂದಾಗಿ ಹೊರಬರುತ್ತದೆ. ಇದರಿಂದ ಯಾವುದು ಎಷ್ಟಿದೆಯೆಂದು ತಿಳಿಯುತ್ತದೆ. ಹೀಗೆ ಕಣ್ಣಿಗೂ ನಾಲಿಗೆಗೂ ಸಿಕ್ಕದ ಭೇದವನ್ನು ತೋರಿಸಿಕೊಡುವುದೂ ಕರಗುವ ಗುಣದ ವ್ಯತ್ಯಾಸವೇ. ಪೀಪಾಯಿಯ ಮೇಲಿನ ಚೀಟಿಯನ್ನು ನಂಬದೆ, ಬಂದ ಪ್ರತಿಯೊಂದು ಪೀಪಾಯಿಯಿಂದಲೂ ಮಾದರಿಯನ್ನು ತೆಗೆದು ಹೀಗೆ ಪರೀಕ್ಷಿಸಿದರೆ ಈ ಸಾವುಗಳನ್ನು ತಪ್ಪಿಸಬಹುದು.

ತಂದೆತಾಯಿಗಳು ಮನೆಯಲ್ಲಿ ಈ ಪರೀಕ್ಷೆಯನ್ನು ನಡೆಸಲಾರರು. ಆದರೆ ಅವರು ಮಾಡಬಹುದಾದುದೂ ಕೆಲವು ಉಂಟು. ಎರಡು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಕೆಮ್ಮು ಮತ್ತು ನೆಗಡಿಯ ಔಷಧಗಳನ್ನು ಕೊಡಬಾರದೆಂದೂ, ಐದು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಅವು ಬೇಡವೆಂದೂ 2025ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವು ಸೂಚಿಸಿದೆ. ಚಿಕ್ಕ ಮಕ್ಕಳ ಕೆಮ್ಮು ಬಹುಪಾಲು ತಾನಾಗಿಯೇ ವಾಸಿಯಾಗುವಂತಹುದು. ವೈದ್ಯರು ಹೇಳಿದ ಔಷಧವನ್ನು ಅಳತೆಯ ಮುಚ್ಚಳದಿಂದ ಅಳೆದು, ಹೇಳಿದಷ್ಟೇ ಕೊಡಬೇಕು. ಯಾವುದೇ ದ್ರವ ಔಷಧವನ್ನು ಕುಡಿದ ಮಗುವಿಗೆ ವಾಂತಿ, ಹೊಟ್ಟೆನೋವುಗಳು ಬಂದು ಮೂತ್ರವು ಕಡಮೆಯಾದರೆ, ನಾಳೆ ನೋಡೋಣವೆಂದು ಕಾಯದೆ, ಆ ಸೀಸೆಯನ್ನೂ ಜೊತೆಯಲ್ಲಿಯೇ ತೆಗೆದುಕೊಂಡು ದೊಡ್ಡ ಆಸ್ಪತ್ರೆಗೆ ಹೋಗಬೇಕು. ವೈದ್ಯರಿಗೆ ಆಗ ಔಷಧದ ಹೆಸರಿನಷ್ಟೇ ಮುಖ್ಯವಾಗುವುದು ಅದನ್ನು ಕರಗಿಸಿದ ದ್ರವ ಯಾವುದೆಂಬುದು.